ನಾಲ್ಕು ಬೊಗಸೆ ಅಕ್ಕಿ, ಒಂಬತ್ತು ಜೋಡಿಪುಟ: ಮುಸ್ಲಿಂ ಹಬ್ಬಗಳ ಚಿತ್ರಪುಸ್ತಕ ಮಾಡುವವರಿಗೆ

ಮಕ್ಕಳ ಚಿತ್ರಪುಸ್ತಕಕ್ಕೆ ರಂಜಾನ್ ಬಂತೆಂದರೆ ಸಾಕು, ಮೊದಲ ಪುಟದಲ್ಲೇ ಮರಳುಗಾಡು, ಒಂಟೆ, ಬಂಗಾರದ ಗುಮ್ಮಟ, ಬಣ್ಣದ ಗಾಜಿನ ಲಾಂದ್ರ ಬಂದು ಕೂತುಬಿಡುತ್ತವೆ. ಆ ಲಾಂದ್ರ ಈಜಿಪ್ಟ್ ಕಡೆಯ ರಂಜಾನಿನದು. ಹಾಸನದ ಪೆನ್ಷನ್ ಮೊಹಲ್ಲಾದ ಮಗು ಉಪವಾಸ ಬಿಡುವ ಇಫ್ತಾರಿಗೆ ಕೂರುವುದು ಟ್ಯೂಬ್‌ಲೈಟಿನ ಕೆಳಗೆ. ಮೂಡಿಗೆರೆ ಕಡೆಯ ತೋಟದ ಲೈನ್ ಮನೆಯ ಮಗುವಿಗೆ ಮಸೀದಿ ಎಂದರೆ ಹೆಂಚಿನ ಮಾಡು, ಹಸಿರು ಬಣ್ಣದ ಬಾಗಿಲು, ಕೈಕಾಲು ತೊಳೆಯುವ ನಲ್ಲಿಗಳ ಸಾಲು, ಹೊರಗೆ ರಾಶಿ ಬಿದ್ದ ಚಪ್ಪಲಿ. ಚಿತ್ರದಲ್ಲಿ ಅವು ಇಲ್ಲದಿದ್ದರೆ ಆ ಮಗು ಪುಸ್ತಕವನ್ನು ಬೇರೆ ಯಾರದೋ ಹಬ್ಬ ಎಂದು ನೋಡುತ್ತದೆ. ಪಕ್ಕದ ಬೆಂಚಿನ ಹಿಂದೂ ಮಗುವೂ ತನ್ನ ಗೆಳೆಯನ ಮನೆಯನ್ನು ಅದರಲ್ಲಿ ಗುರುತಿಸುವುದಿಲ್ಲ. ಆಗ ಪುಸ್ತಕ ಇಬ್ಬರಿಗೂ ದಕ್ಕಲಿಲ್ಲ.

ಮುಸ್ಲಿಂ ಮನೆಯೊಳಗಿನ ಬದುಕನ್ನು ದೊಡ್ಡವರ ಕನ್ನಡ ಸಾಹಿತ್ಯ ಚೆನ್ನಾಗಿಯೇ ಬಲ್ಲದು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಹಾಸನದವರೇ. ಐದಾರು ವರ್ಷದ ಮಕ್ಕಳ ಕೈಗೆ ಕೊಡಬಹುದಾದ ಕನ್ನಡ ಪುಸ್ತಕಗಳು ಮಾತ್ರ ಕಡಿಮೆ. ಇರುವುದರಲ್ಲಿಯೂ ಎಷ್ಟೋ ಪುಸ್ತಕಗಳು ಕೊನೆಯ ಪುಟದಲ್ಲಿ ಉಪದೇಶಕ್ಕೆ ನಿಲ್ಲುತ್ತವೆ. ನಾನು ಮತ್ತೆ ಮತ್ತೆ ಹೇಳುವುದು ಇಷ್ಟೇ: ಮನೆ, ಕೈ, ಅಳತೆ, ದಿಕ್ಕು ಇವು ಚಿತ್ರದಲ್ಲಿ ಸರಿಯಾಗಿದ್ದರೆ ಮೌಲ್ಯವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇದನ್ನು ಒಂದೇ ಪುಸ್ತಕದ ಮೇಲಿಟ್ಟು ನೋಡೋಣ. ವಿಷಯ ಫಿತ್ರಾ. ರಂಜಾನ್ ಮುಗಿದು ಈದ್ ನಮಾಜಿಗೆ ಹೋಗುವ ಮೊದಲು ಮನೆಯಲ್ಲಿರುವ ಪ್ರತಿ ತಲೆಗೂ ಇಷ್ಟು ಎಂದು ಬಡವರಿಗೆ ಕೊಡಬೇಕಾದ ಧಾನ್ಯ ಅದು. ಅಳತೆ ಒಂದು ಸಾ. ಒಂದು ಸಾ ಎಂದರೆ ನಾಲ್ಕು ಮುದ್ದ್. ಒಂದು ಮುದ್ದ್ ಎಂದರೆ ಸಾಧಾರಣ ಮೈಕಟ್ಟಿನ ಗಂಡಸಿನ ಎರಡು ಕೈ ಸೇರಿದ ಒಂದು ಬೊಗಸೆ. ಚಿತ್ರಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ಎಲ್ಲಿ ಸಿಗಬೇಕು? ಮಗು ತಕ್ಷಣ ತನ್ನ ಕೈ ಜೋಡಿಸಿ ನೋಡುತ್ತದೆ.

ಆದರೆ ಇಲ್ಲೇ ಮೊದಲ ತಪ್ಪು ನುಸುಳುವುದು. ಇಸ್ಲಾಮಿನ ಆಚರಣೆಯ ನಿಯಮಗಳಲ್ಲಿ ಶಾಫಿ, ಹನಫಿ ಎಂದು ಬೇರೆ ಬೇರೆ ಪದ್ಧತಿಗಳಿವೆ. ಚಿಕ್ಕಮಗಳೂರಿನ ಮಲೆನಾಡಿನಲ್ಲಿ ಬ್ಯಾರಿ ಭಾಷೆಯಾಡುವ ಮುಸ್ಲಿಮರ ಮನೆಗಳು ಶಾಫಿ ಪದ್ಧತಿಯವು. ಅಲ್ಲಿ ಧಾನ್ಯವನ್ನೇ ಕೊಡಬೇಕು, ಉಣ್ಣುವ ಅಕ್ಕಿಯನ್ನೇ, ತಲೆಗೆ ಒಂದು ಸಾ. ತೂಕ ಹಾಕಿದರೆ ಎರಡೂವರೆಯಿಂದ ಮೂರು ಕಿಲೋ. ಹಾಸನ, ಅರಸೀಕೆರೆ, ಹೊಳೆನರಸೀಪುರದ ಉರ್ದು ಮಾತಿನ ಮನೆಗಳು ಬಹುಪಾಲು ಹನಫಿ. ಅವರ ಲೆಕ್ಕ ಅರ್ಧ ಸಾ ಗೋಧಿ. ಅವರ ಸಾ ಅಳತೆಯೂ ಸ್ವಲ್ಪ ದೊಡ್ಡದು, ಹಾಗಾಗಿ ಅರ್ಧ ಸಾ ಎಂದರೆ ಒಂದೂವರೆ ಕಿಲೋಗಿಂತ ಹೆಚ್ಚು. ಅದರ ಬೆಲೆಯನ್ನು ಹಣದಲ್ಲಿ ಕೊಟ್ಟರೂ ನಡೆಯುತ್ತದೆ. ಆ ವರ್ಷದ ಮೊತ್ತವನ್ನು ಮಸೀದಿಯಲ್ಲಿ ಹೇಳುತ್ತಾರೆ. ಎರಡನ್ನೂ ಒಂದೇ ಪುಸ್ತಕದಲ್ಲಿ ಬೆರೆಸಿದರೆ ಎರಡೂ ಕಡೆಯ ಅಜ್ಜಿಯರು ತಲೆ ಅಲ್ಲಾಡಿಸುತ್ತಾರೆ. ಒಂದು ಮನೆಯನ್ನು ಆರಿಸಿಕೊಳ್ಳಬೇಕು. ಬೊಗಸೆಯ ಕಥೆ ಬೇಕಾದರೆ ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಶಾಫಿ ಮನೆಯೇ ಸರಿ.

ಮನೆಯಲ್ಲಿ ಆರು ಜನ: ಅಜ್ಜಿ, ಬಾಪ (ಅಪ್ಪ), ಉಮ್ಮ (ಅಮ್ಮ), ಅಣ್ಣ, ಕಥೆಯ ಹುಡುಗಿ, ತೊಟ್ಟಿಲ ಮಗು. ತಲೆಗೆ ನಾಲ್ಕರಂತೆ ಇಪ್ಪತ್ನಾಲ್ಕು ಬೊಗಸೆ. ಒಳಪುಟ 24 ಇಟ್ಟುಕೊಳ್ಳಿ. ಮಧ್ಯೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. 22 ಪುಟದ ಕಥೆ ಬರೆದುಕೊಂಡು ಪ್ರೆಸ್ಸಿಗೆ ಹೋದರೆ ಎರಡು ಖಾಲಿ ಪುಟ ಉಳಿಯುತ್ತವೆ. ಒಂದನೇ ಪುಟ ಹೆಸರಿಗೆ, ಎರಡನೆಯದು ಪ್ರಕಾಶನದ ವಿವರಕ್ಕೆ, ಮೂರರಲ್ಲಿ ಕಥೆ ಶುರು. 4-5ರಿಂದ 20-21ರವರೆಗೆ ಎದುರುಬದುರು ತೆರೆದುಕೊಳ್ಳುವ ಜೋಡಿಪುಟಗಳು ಒಂಬತ್ತು. 22ರಲ್ಲಿ ಮಾತಿಲ್ಲದ ಒಂದು ಚಿತ್ರ, 23ರಲ್ಲಿ ದೊಡ್ಡವರಿಗೆ ಟಿಪ್ಪಣಿ, 24ರಲ್ಲಿ ಏನಾದರೂ ಚಿಕ್ಕ ಆಟ.

ಮೂರನೇ ಪುಟದಲ್ಲಿ ಅಕ್ಕಿ ಚೀಲ ಬಿಚ್ಚುತ್ತಾರೆ. ಮೊದಲ ಜೋಡಿಪುಟದಲ್ಲಿ ಮನೆಮಂದಿಯೆಲ್ಲ ಕಾಣಬೇಕು, ಮಗು ಎಣಿಸುವಂತಿರಬೇಕು, ಆದರೆ ತೊಟ್ಟಿಲು ಮೂಲೆಯಲ್ಲಿ ಅರ್ಧ ಮರೆಯಾಗಿರಲಿ. ಎರಡನೆಯದರಲ್ಲಿ ಅಜ್ಜಿ "ಒಬ್ಬೊಬ್ಬರಿಗೆ ನಾಲ್ಕು ಬೊಗಸೆ" ಎನ್ನುತ್ತಾಳೆ. ಮೂರರಲ್ಲಿ ಹುಡುಗಿ ತಾನೇ ಅಳೆಯುತ್ತೇನೆಂದು ಕೂರುತ್ತಾಳೆ. ನಾಲ್ಕರಲ್ಲಿ ರಾಶಿ ಪುಟ್ಟದಾಗಿದೆ, ಅಜ್ಜಿ ಮಾತಾಡದೆ ಬಾಪನ ಕೈಯನ್ನು ಹುಡುಗಿಯ ಕೈ ಪಕ್ಕದಲ್ಲಿಟ್ಟು ತೋರಿಸುತ್ತಾಳೆ. ಆ ಜೋಡಿಪುಟದಲ್ಲಿ ಎರಡು ಜೊತೆ ಕೈಗಳನ್ನು ಬಿಟ್ಟು ಬೇರೇನೂ ಬೇಡ. ಕಲಾವಿದರು ಅಡುಗೆಮನೆಯ ಡಬ್ಬ, ಬೆಕ್ಕು, ಕಿಟಕಿ ಎಲ್ಲ ತುಂಬಲು ಹೊರಡುತ್ತಾರೆ, ತಡೆಯಿರಿ. ಐದರಲ್ಲಿ ಬಾಪ ಸುರಿಯುತ್ತಾನೆ, ಹುಡುಗಿ ಎಣಿಸುತ್ತಾಳೆ: ನಾಲ್ಕು, ಎಂಟು, ಹನ್ನೆರಡು. ಚಾಪೆಯ ಮೇಲೆ ಅಕ್ಕಿಯ ಗುಡ್ಡೆಗಳು ಬೆಳೆಯುತ್ತವೆ. ಆರರಲ್ಲಿ ಐದು ಗುಡ್ಡೆ ಆಗಿ ಹುಡುಗಿ "ಮುಗೀತು" ಎನ್ನುತ್ತಾಳೆ. ಅಜ್ಜಿ ತೊಟ್ಟಿಲ ಕಡೆ ನೋಡುತ್ತಾಳೆ.

ಪುಸ್ತಕದ ಜೀವ ಇರುವುದು ಈ ತಿರುವಿನಲ್ಲಿ. ಈದ್‌ನ ಹಿಂದಿನ ಹಗಲು ಹುಟ್ಟಿದ ಕೂಸಿನ ಹೆಸರಿನಲ್ಲಿಯೂ ಫಿತ್ರಾ ಕೊಡಬೇಕು. ಏಳನೇ ಜೋಡಿಪುಟದಲ್ಲಿ ಹುಡುಗಿ ಕೇಳುತ್ತಾಳೆ, ಅಜ್ಜಿ ಹೇಳುತ್ತಾಳೆ, ಇಷ್ಟೇ ಮಾತು ಸಾಕು (ನೋಂಬು ಎಂದರೆ ಉಪವಾಸ):

"ಪಾಪು ನೋಂಬೇ ಹಿಡಿದಿಲ್ಲವಲ್ಲ?"
"ನೋಂಬು ಇಲ್ಲದಿದ್ದರೇನು, ಹಬ್ಬ ಇದೆಯಲ್ಲ."

ಇದರ ಕೆಳಗೆ 'ದಾನವು ಶ್ರೇಷ್ಠ ಗುಣ' ಎಂದು ಬರೆಯುವ ಆಸೆ ಬರುತ್ತದೆ, ಮುದ್ರಣಕ್ಕೆ ಹಣ ಕೊಡುವವರೂ ಕೇಳುತ್ತಾರೆ. ಬರೆದರೆ ಅಜ್ಜಿಯ ಮಾತು ಸತ್ತುಹೋಗುತ್ತದೆ. ಹಟ ಮಾಡಿಯಾದರೂ ಅದನ್ನು ಹೊರಗಿಡಬೇಕು.

ಎಂಟನೆಯದು ಅಕ್ಕಿ ಹೊತ್ತು ತೋಟದ ದಾರಿಯಲ್ಲಿ ಹೋಗುವ ಸಂಜೆ. ಒಂಬತ್ತನೆಯದು ತಲುಪಿಸುವುದು. ಇಲ್ಲಿ ಎರಡು ಎಚ್ಚರ. ಪಡೆಯುವವರನ್ನು ಬಾಗಿದ ಬೆನ್ನು, ಹರಿದ ಬಟ್ಟೆ, ಚಾಚಿದ ಕೈಯಲ್ಲಿ ಬರೆಯಬಾರದು. ಅದೇ ಮನೆಯ ಮಗುವೂ ಈ ಪುಸ್ತಕ ಓದುತ್ತದೆ. ಜಗಲಿಯ ಮೇಲಿಟ್ಟ ಚೀಲ, ಒಳಗಿನಿಂದ ಬರುತ್ತಿರುವ ಹೆಂಗಸಿನ ನೆರಳು, ಅಷ್ಟು ಸಾಕು. ಇನ್ನೊಂದು, ಫಿತ್ರಾ ಅಕ್ಕಿಯನ್ನು ಪಕ್ಕದ ಮನೆಯ ಗೌಡರಿಗೆ ಕೊಟ್ಟಂತೆ ಬರೆಯುವುದು. ಸೌಹಾರ್ದ ತೋರಿಸುವ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಬರೆಯುತ್ತಾರೆ. ಆದರೆ ಶಾಫಿ ಪದ್ಧತಿಯಲ್ಲಿ ಫಿತ್ರಾ ಸಲ್ಲುವುದು ಬಡ ಮುಸ್ಲಿಂ ಕುಟುಂಬಕ್ಕೆ. ನೆರೆಮನೆಗೆ ಹೋಗುವುದು ಹಬ್ಬದ ಸಿಹಿ. ಅದನ್ನು 22ನೇ ಪುಟದಲ್ಲಿ ತೋರಿಸಿ: ಬೆಳಿಗ್ಗೆ, ಹೊಸ ಬಟ್ಟೆ, ಮುಚ್ಚಿದ ತೂಕುಪಾತ್ರೆ ಹಿಡಿದ ಹುಡುಗಿ, ಎದುರು ಮನೆಯ ಬಾಗಿಲು.

ಇನ್ನು ಚಂದ್ರ. ನಾನು ನೋಡಿದ ಹಸ್ತಪ್ರತಿಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಇದೇ. ಈದ್‌ನ ಚಂದ್ರ ಕಾಣುವುದು ಸೂರ್ಯ ಮುಳುಗಿದ ಕೂಡಲೇ, ಪಶ್ಚಿಮದಲ್ಲಿ, ಬಾನಂಚಿಗೆ ಹತ್ತಿರ. ಸುಮಾರು ಒಂದು ತಾಸಿನೊಳಗೆ ಅದೂ ಮುಳುಗುತ್ತದೆ. ಹಾಗಿರುವಾಗ ನಡುರಾತ್ರಿಯ ಕಪ್ಪು ಆಕಾಶದಲ್ಲಿ, ನೆತ್ತಿಯ ಮೇಲೆ, ಕನ್ನಡಿಯಷ್ಟು ದೊಡ್ಡದಾಗಿ ಬರೆಯುತ್ತಾರೆ. ಬೆಳಗಿದ ಅಂಚು ಮುಳುಗಿದ ಸೂರ್ಯನ ಕಡೆಗಿರಬೇಕು, ಅಂದರೆ ಕೆಳಕ್ಕೆ. ನಮ್ಮ ಹಾಸನ, ಚಿಕ್ಕಮಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿಂದ ನೋಡಿದರೆ, ಅದರಲ್ಲೂ ಮಾರ್ಚ್ ಆಸುಪಾಸಿನಲ್ಲಿ, ಎಳೆ ಚಂದ್ರ ದೋಣಿಯ ಹಾಗೆ ಮಲಗಿರುತ್ತದೆ. ಇಂಗ್ಲಿಷ್ 'ಸಿ' ಅಕ್ಷರದಂತೆ ಎಡಕ್ಕೆ ಉಬ್ಬಿ ನಿಂತದ್ದು ಅಮಾವಾಸ್ಯೆಗೆ ಮೊದಲು ಬೆಳಗಿನ ಜಾವ ಪೂರ್ವದಲ್ಲಿ ಕಾಣುವ ಚಂದ್ರ. ಅದು ತಿಂಗಳ ಕೊನೆಯದು, ಹೊಸ ತಿಂಗಳಿನದಲ್ಲ. ಚಂದ್ರನ ಬಾಗಿನೊಳಗೆ ನಕ್ಷತ್ರ ಇಡುವುದಂತೂ ಆಗದ ಮಾತು. ಆ ಕತ್ತಲ ಭಾಗವೂ ಚಂದ್ರನೇ, ಹಿಂದಿನ ನಕ್ಷತ್ರವನ್ನು ಅದು ಮುಚ್ಚುತ್ತದೆ. ಬಾವುಟದ ಚಿಹ್ನೆ ಬೇರೆ, ಆಕಾಶ ಬೇರೆ. ಮೂರನೇ ತರಗತಿಯ ಮಗು ಇದನ್ನು ಹಿಡಿದು ಕೇಳಿದರೆ ಮೇಷ್ಟ್ರಿಗೆ ಉತ್ತರವಿರಬೇಕು.

ಋತುವನ್ನೂ ಕಟ್ಟಿಹಾಕಬೇಡಿ. ಇಸ್ಲಾಮಿ ಚಾಂದ್ರಮಾನ ವರ್ಷಕ್ಕೆ 354 ಅಥವಾ 355 ದಿನ, ಹಾಗಾಗಿ ರಂಜಾನ್ ವರ್ಷಕ್ಕೆ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತ ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2015ರಲ್ಲಿ ಜೂನ್, ಜುಲೈಯಲ್ಲಿ ಬಂದಿತ್ತು, ಸಕಲೇಶಪುರದಲ್ಲಿ ಆಗ ಚಂದ್ರ ಹೋಗಲಿ ಎದುರು ಮನೆಯೇ ಕಾಣುವುದಿಲ್ಲ. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ ಹೀಗೆ ಎರಡು ಸಲ ಶುರುವಾಗುತ್ತದೆ. 'ರಂಜಾನ್ ಬೇಸಿಗೆಯ ಹಬ್ಬ' ಎಂದು ಬರೆದ ಪುಸ್ತಕ ಕೆಲವೇ ವರ್ಷದಲ್ಲಿ ಸುಳ್ಳಾಗುತ್ತದೆ. ಕಥೆಗೆ ಒಂದು ಋತು ಇರಲಿ, ಚೆಂದವೇ. ಹಬ್ಬಕ್ಕೆ ಅದನ್ನು ಅಂಟಿಸಬೇಡಿ. ತಾರೀಖನ್ನೂ ಹಾಕಬೇಡಿ, ಅದು ಚಂದ್ರ ಕಂಡದ್ದರ ಮೇಲೆ ನಿಲ್ಲುತ್ತದೆ: 2024ರಲ್ಲಿ ಕರಾವಳಿಯವರು ಏಪ್ರಿಲ್ 10ಕ್ಕೆ ಈದ್ ಮಾಡಿದರೆ ಉಳಿದ ಕಡೆ ಬಹುತೇಕ 11ಕ್ಕೆ.

ದಿಕ್ಕು ನಮಾಜಿನ ಚಿತ್ರದಲ್ಲೂ ಮುಖ್ಯ. ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ಅಂದರೆ ಕಿಬ್ಲಾ, ನಮ್ಮೂರಿಂದ ಪಶ್ಚಿಮ, ಸ್ವಲ್ಪ ಉತ್ತರಕ್ಕೆ ವಾಲಿ. ಈದ್ ನಮಾಜು ಬೆಳಿಗ್ಗೆ. ಸೂರ್ಯ ಬೆನ್ನ ಹಿಂದೆ, ನೆರಳು ಮುಂದಕ್ಕೆ, ಈದ್ಗಾದ ಗೋಡೆಯ ಕಡೆಗೆ ಬೀಳಬೇಕು. ಎದುರಿಗೆ ಸೂರ್ಯ ಹುಟ್ಟುತ್ತಿರುವ ಈದ್ಗಾ ಚಿತ್ರ ಎಷ್ಟು ಸುಂದರವಾಗಿದ್ದರೂ ತಪ್ಪೇ. ಸಾಲಿನಲ್ಲಿ ಭುಜಕ್ಕೆ ಭುಜ ತಾಗಿರಬೇಕು, ನಡುವೆ ಜಾಗ ಬಿಟ್ಟರೆ ವ್ಯಾಯಾಮದ ತರಗತಿಯಂತೆ ಕಾಣುತ್ತದೆ. ಸಜ್ದಾದಲ್ಲಿ, ಅಂದರೆ ಮಂಡಿಯೂರಿ ಬಾಗಿದಾಗ, ನೆಲಕ್ಕೆ ತಾಗುವುದು ಹಣೆ ಮತ್ತು ಮೂಗು, ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದದ ಬೆರಳುಗಳು. ಗಂಡಸರ ಮೊಣಕೈ ಮೇಲೆದ್ದಿರುತ್ತದೆ. ನಿಂತಾಗ ಕೈ ಕಟ್ಟುವುದರಲ್ಲಿ ಹನಫಿ ಗಂಡಸರು ಹೊಕ್ಕುಳ ಕೆಳಗೆ, ಶಾಫಿಯವರು ಎದೆಗೂ ಹೊಕ್ಕುಳಿಗೂ ನಡುವೆ. ಅಕ್ಕಿ ಅಳೆದ ಶಾಫಿ ಮನೆಯ ಬಾಪ ನಮಾಜಿನ ಪುಟದಲ್ಲಿ ಹನಫಿ ಆಗಿಬಿಟ್ಟರೆ ಓದಿದವರು ಮೊದಲು ಗುರುತಿಸುವುದು ಅದನ್ನೇ.

ಮನೆಯೊಳಗೆ ಬುರ್ಖಾ ಹಾಕಿಕೊಂಡು ಒಲೆ ಮುಂದೆ ನಿಂತ ಅಮ್ಮನ ಚಿತ್ರ ಎಷ್ಟು ಪುಸ್ತಕಗಳಲ್ಲಿ! ಅದು ಹೊರಗೆ ಹೋಗುವಾಗಿನ ಉಡುಪು. ಮನೆಯೊಳಗೆ ಸೀರೆ, ಚೂಡಿದಾರ್, ನೈಟಿ, ಅಜಾನ್ ಕೇಳಿದಾಗ ತಲೆಗೇರುವ ಸೆರಗು ಅಥವಾ ದುಪಟ್ಟಾ. ಕುಟುಂಬದ ಮೌಲ್ಯ ಎಂದರೆ ಏನೆಂದು ಕೇಳುವವರಿಗೆ ನಾನು ಅಡುಗೆಮನೆ ತೋರಿಸುತ್ತೇನೆ. ಸಹರಿಗೆ (ಉಪವಾಸಕ್ಕೆ ಮುಂಚಿನ ಬೆಳಗಿನ ಜಾವದ ಊಟ) ಮೊದಲು ಎದ್ದವರು ಯಾರು, ಇಫ್ತಾರ್ ಹೊತ್ತಿಗೆ ಅಮ್ಮ ಎಲ್ಲರ ಜೊತೆ ಕೂತಿದ್ದಾಳೋ ಇನ್ನೂ ಬಜ್ಜಿ ಕರಿಯುತ್ತಿದ್ದಾಳೋ, ಪಾತ್ರೆ ತೊಳೆಯುತ್ತಿರುವವರು ಯಾರು? ಅಜಾನ್ ಆಗುವ ಪುಟದಲ್ಲಿ ಅಮ್ಮನ ಕೈಯಲ್ಲೂ ಖರ್ಜೂರ ಇರಲಿ, ಅಪ್ಪ ನೀರಿನ ಲೋಟ ಮುಂದಿಡಲಿ. ಪಠ್ಯ ಅದರ ಬಗ್ಗೆ ಚಕಾರ ಎತ್ತದಿರಲಿ. ಮಕ್ಕಳು ನೋಡುತ್ತಾರೆ.

ಮಗುವಿನ ಮೊದಲ ಉಪವಾಸದ ಕಥೆ ಬರೆಯುವವರು ಹಸಿವನ್ನು ಪಂದ್ಯ ಮಾಡಬಾರದು. ಪ್ರಾಯಕ್ಕೆ ಬರುವವರೆಗೆ ಮಕ್ಕಳಿಗೆ ಉಪವಾಸ ಕಡ್ಡಾಯವಲ್ಲ. ಅರ್ಧ ದಿನ ಹಿಡಿದು ಮಧ್ಯಾಹ್ನ ಉಂಡುಬಿಡುವುದನ್ನು ಉರ್ದು ಮನೆಗಳಲ್ಲಿ ಮುದ್ದಿನಿಂದ ಚಿಡಿಯಾ ರೋಜಾ (ಹಕ್ಕಿಯ ಉಪವಾಸ) ಎನ್ನುತ್ತಾರೆ. ಅದೇ ಕಥೆ ಆಗಬಹುದು. ಕಾಯಿಲೆಯವರು, ಪ್ರಯಾಣದಲ್ಲಿರುವವರು, ಬಸುರಿ, ಬಾಣಂತಿಗೂ ವಿನಾಯಿತಿ ಉಂಟು. ಮನೆಯಲ್ಲಿ ಒಬ್ಬರು ಮಾತ್ರೆ ನುಂಗಿ ಗಂಜಿ ಕುಡಿಯುವ ಚಿತ್ರ ಇದ್ದರೆ, ಸಕ್ಕರೆ ಕಾಯಿಲೆಯ ಅಜ್ಜ ಇರುವ ಮಗುವಿಗೆ ಅಜ್ಜ ಕಡಿಮೆಯವನಲ್ಲ ಎಂದು ತಿಳಿಯುತ್ತದೆ.

ಬಕ್ರೀದ್ ಪುಸ್ತಕ ಕಷ್ಟದ್ದು. ಪ್ರವಾದಿಗಳ ಚಿತ್ರ ಬರೆಯುವಂತಿಲ್ಲ, ಬೆನ್ನು ತೋರಿಸಿ ಬರೆದರೂ ಆಕ್ಷೇಪ ಬರುತ್ತದೆ. ಹಾಗಾಗಿ ಮಗನನ್ನೇ ದೇವರಿಗೆ ಬಲಿಕೊಡಲು ಸಿದ್ಧರಾದ ಪ್ರವಾದಿ ಇಬ್ರಾಹಿಮರ ಕಥೆಯನ್ನು ಅಜ್ಜಿಯ ಬಾಯಲ್ಲಿ ಹೇಳಿಸಿ, ಅಜ್ಜಿಯನ್ನೇ ಬರೆಯಿರಿ. ಮಗು ಹೆಸರಿಟ್ಟು ಸಾಕಿದ ಆಡಿನ ಕಥೆ ಮಾಡಬೇಡಿ, ಐದು ವರ್ಷದ ಓದುಗನಿಗೆ ಬೇರೇನೂ ನೆನಪಿರುವುದಿಲ್ಲ. ಮಾಂಸವನ್ನು ಮನೆಗೆ, ನೆಂಟರಿಗೆ, ಬಡವರಿಗೆ ಎಂದು ಮೂರು ಪಾಲು ಮಾಡುವ ರೂಢಿಯಿಂದ ಶುರುಮಾಡಿ. ಹಜ್‌ನ ಪುಟ ಇದ್ದರೆ ಮೆಕ್ಕಾದ ಕಾಬಾ ಸುತ್ತುವುದು ಏಳು ಸಲ, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ. ಮೊಹರಂ ಸಂಭ್ರಮದ ಹಬ್ಬವಲ್ಲ, ಬಣ್ಣದ ಬಲೂನು ಬೇಡ. ನಮ್ಮ ಕಡೆ ಬಾಬಯ್ಯನ ಹಬ್ಬ ಎಂದು ಊರಿನವರೆಲ್ಲ ಸೇರುವುದುಂಟು, ಅದನ್ನು ಬರೆಯುವುದಾದರೆ ಅದೇ ಊರಿಗೆ ಹೋಗಿ ನೋಡಿ ಬರೆಯಬೇಕು.

ಪುಟ ಜೋಡಿಸುವಾಗ ಆಗುವ ಒಂದು ಅನಾಹುತ: ಅಕ್ಷರಕ್ಕೆ ಜಾಗ ಮಾಡಲು ಚಿತ್ರವನ್ನು ಎಡಬಲ ತಿರುಗಿಸಿಬಿಡುವುದು. ಒಂದೇ ಗುಂಡಿ ಒತ್ತಿದರಾಯಿತು, ಬಲಗೈಯಲ್ಲಿ ಉಣ್ಣುತ್ತಿದ್ದ ಮನೆಯೆಲ್ಲ ಎಡಗೈಯಲ್ಲಿ ಉಣ್ಣುತ್ತದೆ, ಗೋಡೆಯ ಅರಬ್ಬಿ ಬರಹ ಕನ್ನಡಿಯಲ್ಲಿ ನೋಡಿದಂತೆ ಉಲ್ಟಾ ಆಗುತ್ತದೆ, ಕಾಬಾ ಸುತ್ತುವ ದಿಕ್ಕು ಬದಲಾಗುತ್ತದೆ. ಅಂತಿಮ ಪಿಡಿಎಫ್ ಬಂದ ಮೇಲೆ ಪ್ರತಿ ಪುಟದ ಕೈಗಳನ್ನು ಮಾತ್ರ ನೋಡುತ್ತ ಒಂದು ಸುತ್ತು ಹೋಗಿ. ಕಂಪ್ಯೂಟರ್ ತಾನೇ ಬರೆದುಕೊಡುವ ಚಿತ್ರಗಳಲ್ಲಿ ಅರಬ್ಬಿಯಂತೆ ಕಾಣುವ ಅರ್ಥವಿಲ್ಲದ ಗೀರುಗಳು ಬರುತ್ತವೆ, ಅವನ್ನು ಉಳಿಸಲೇಬಾರದು. ಕುರಾನಿನ ಸಾಲುಗಳನ್ನೂ ಮಕ್ಕಳ ಪುಸ್ತಕದಲ್ಲಿ ಅಚ್ಚು ಹಾಕದಿರುವುದು ವಾಸಿ. ಮಕ್ಕಳ ಪುಸ್ತಕ ನೆಲಕ್ಕೆ ಬೀಳುತ್ತದೆ, ಹರಿಯುತ್ತದೆ, ರದ್ದಿಗೆ ಹೋಗುತ್ತದೆ. ಮನೆಯವರಿಗೆ ಸಂಕಟ.

ಅಕ್ಷರ 20ರಿಂದ 24 ಪಾಯಿಂಟ್ ಇರಲಿ, ಯೂನಿಕೋಡ್ ಫಾಂಟೇ ಆಗಿರಲಿ. ಕನ್ನಡದ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ, ಆದ್ದರಿಂದ ಸಾಲಿನ ಅಂತರ ಒಂದೂವರೆ ಪಟ್ಟು ಬೇಕು. ರಂಜಾನ್ ಪುಸ್ತಕದಲ್ಲಿ ರಾತ್ರಿಯ ಚಿತ್ರ ಜಾಸ್ತಿ: ಸಹರಿ, ತರಾವೀಹ್ ನಮಾಜು, ಈದ್‌ನ ಹಿಂದಿನ ಸಂಜೆಯ ಪೇಟೆ. ಕಡು ನೀಲಿಯ ಮೇಲೆ ಬಿಳಿ ಅಕ್ಷರ ಪರದೆಯ ಮೇಲೆ ಚೆಂದ. ಮ್ಯಾಪ್‌ಲಿಥೋ ಎಂಬ ಲೇಪವಿಲ್ಲದ ಕಾಗದ ಶಾಯಿ ಹೀರುತ್ತದೆ, ನೀಲಿ ಹೋಗಿ ಕಪ್ಪಾಗುತ್ತದೆ, ಕನ್ನಡ ಅಕ್ಷರದ ಸಣ್ಣ ಸುಳಿಗಳೆಲ್ಲ ತುಂಬಿಕೊಂಡು ಮುಚ್ಚಿಹೋಗುತ್ತವೆ. ರಾತ್ರಿಯ ಪುಟದಲ್ಲೂ ತಿಳಿ ಬಣ್ಣದ ಒಂದು ಗೋಡೆಯನ್ನೋ ಚಾಪೆಯನ್ನೋ ಬಿಡಿಸಿ ಅದರ ಮೇಲೆ ಕಪ್ಪು ಅಕ್ಷರ ಕೂರಿಸಿ. ಒಳಪುಟಕ್ಕೆ 130 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಆರ್ಟ್ ಪೇಪರ್, ರಕ್ಷಾಪುಟಕ್ಕೆ 250ರಿಂದ 300, ಮೇಲೆ ಲ್ಯಾಮಿನೇಷನ್. ನಾಲ್ಕೂ ಅಂಚಿಗೆ ಮೂರು ಮಿಲಿಮೀಟರ್ ಹೆಚ್ಚುವರಿ ಚಿತ್ರ ಬಿಡಬೇಕು. ಯಾರ ಮುಖವೂ ಪುಟದ ಮಡಿಕೆಯ ಮೇಲೆ ಬರಬಾರದು. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ನಮ್ಮ ದೇಶದಲ್ಲಿ ಉಚಿತ, ದುಡ್ಡು ಕೇಳುವ ಮಧ್ಯವರ್ತಿ ಬೇಡ.

ಪೆನ್ಸಿಲ್ ಕರಡು ಆದಾಗಲೇ ಮೂವರಿಗೆ ತೋರಿಸಿ: ಆ ಪದ್ಧತಿ ಬಲ್ಲ ಮೌಲ್ವಿ, ಅಂಥದೇ ಮನೆಯ ಅಜ್ಜಿ, ಐದಾರು ವರ್ಷದ ಮಗು. ಮೌಲ್ವಿ ಕೈಕಾಲಿನ ತಪ್ಪು ಹೇಳುತ್ತಾರೆ. ಅಜ್ಜಿ ಪಾತ್ರೆಯ ತಪ್ಪು ಹೇಳುತ್ತಾಳೆ, ಜೊತೆಗೆ ಆ ಮನೆಯಲ್ಲಿ ಅಜ್ಜಿಯನ್ನು ಏನೆಂದು ಕರೆಯುತ್ತಾರೆ ಎನ್ನುವುದನ್ನೂ. ಅದನ್ನೇ ಪಠ್ಯಕ್ಕೆ ತನ್ನಿ. ಮಗುವನ್ನು ಏನೂ ಕೇಳಬೇಡಿ, ಓದಿ ಹೇಳುತ್ತ ಅದು ಯಾವ ಪುಟದಲ್ಲಿ ಬೆರಳಿಟ್ಟು ನಿಲ್ಲುತ್ತದೆ, ಎಲ್ಲಿ ಬೇಗ ಮಗುಚುತ್ತದೆ ಎಂದು ಗುರುತು ಹಾಕಿಕೊಳ್ಳಿ. ಮನೆಯಲ್ಲಿ ದಖ್ಖನಿ ಉರ್ದು ಅಥವಾ ಬ್ಯಾರಿ ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಗು ಒಂದು, ಮನೆಯಲ್ಲೇ ಕನ್ನಡ ಆಡುವ ಮಗು ಒಂದು, ಹೀಗೆ ಬೇರೆ ಬೇರೆ ಓದಿಸಿದರೆ ಯಾವ ವಾಕ್ಯ ಎಡವುತ್ತದೆ ಎಂದು ತಿಳಿಯುತ್ತದೆ.

ಪುಸ್ತಕ ರಂಜಾನ್‌ಗೆ ಮುಂಚಿನ ಶಾಬಾನ್ ತಿಂಗಳ ಹೊತ್ತಿಗೆ ಕೈಯಲ್ಲಿರಬೇಕು. ಹಬ್ಬದ ವಾರದಲ್ಲಿ ಬಂದ ಪುಸ್ತಕವನ್ನು ಓದಿಸಲು ಯಾರಿಗೂ ಬಿಡುವಿರುವುದಿಲ್ಲ. ಪ್ರತಿಗಳನ್ನು ಉರ್ದು ಶಾಲೆಗೆ, ಮದರಸಾಕ್ಕೆ ಮಾತ್ರ ಕೊಟ್ಟು ಮುಗಿಸಬೇಡಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ), ಅಂಗನವಾಡಿ, ಸರ್ಕಾರಿ ಕನ್ನಡ ಶಾಲೆಗಳಿಗೂ ಹೋಗಲಿ. ಜೊತೆಗೆ ಒಂದು ಚೀಟಿ ಇಡಿ: ಏಳನೇ ಜೋಡಿಪುಟದಲ್ಲಿ ಅಜ್ಜಿಯ ಮಾತು ಓದಿದ ಮೇಲೆ ವಿವರಿಸಲು ಹೋಗಬೇಡಿ, ಪುಟ ಮಗುಚಿ.